ಹತ್ತು ಅಂಗಿ ತೊಟ್ಟ ಸ್ಟ್ರೈಕರ್ ಮತ್ತು ನನ್ನ ಮಗ

ಡೊಂಬಿವಲಿಯ ನಮ್ಮ ಮನೆಯಲ್ಲಿ ದೊಡ್ಡ ಮಾತುಕತೆ ಏನಿದ್ದರೂ ರಾತ್ರಿ ಊಟವಾದ ಮೇಲೆ, ಪಾತ್ರೆ ತೊಳೆಯುವ ಸದ್ದಿನ ನಡುವೆಯೇ ಆಗಬೇಕು. ಆ ರಾತ್ರಿಯೂ ಹಾಗೇ ಆಯಿತು. ಮಗ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟು, "ಅಪ್ಪ, ಬೆಂಗಳೂರಿನ ಕೆಲಸ ಖಾಯಂ ಆಯ್ತು. ಇಲ್ಲಿ ರಾಜೀನಾಮೆ ಕೊಟ್ಟೆ" ಎಂದ.

ಅವನಿಗೆ ಇನ್ನೂ ಇಪ್ಪತ್ತೈದು. ಇದು ಅವನ ನಾಲ್ಕನೆಯ ಕೆಲಸ. ಮೊದಲನೆಯದು ಐರೋಲಿಯಲ್ಲಿ, ಎರಡನೆಯದು ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಮೂರನೆಯದು ಮನೆಯೊಳಗೆ ಲ್ಯಾಪ್‌ಟಾಪಿನ ಮುಂದೆ. ನಾನೋ ಮೂವತ್ತಾರು ವರ್ಷ ಒಂದೇ ಕಚೇರಿಯ ರಿಜಿಸ್ಟರಿನಲ್ಲಿ ಸಹಿ ಹಾಕಿದವನು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಿಲ್ಲದವನಿಗೆ ನೆಲೆಯಿಲ್ಲ ಮಾರಾಯ. ಹೀಗೆ ಅಂಗಿ ಬದಲಾಯಿಸಿದ ಹಾಗೆ ಕೆಲಸ ಬದಲಾಯಿಸಿದರೆ ನಿನ್ನನ್ನು ಯಾರು ನಂಬುತ್ತಾರೆ?"

ಅವನು ಮರುಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಕಪಾಟಿನ ಅಡಿಯಿಂದ ಏನನ್ನೋ ಎಳೆದು ತಂದು ನನ್ನ ಮುಂದೆ ಇಟ್ಟ. ಹತ್ತು ವರ್ಷ ಹಳೆಯ, ತಿಳಿನೀಲಿ ಬಣ್ಣದ, ಈಗ ಅವನ ಒಂದು ತೋಳೂ ಹಿಡಿಸದ ಮುಂಬಯಿ ಸಿಟಿ ತಂಡದ ಅಂಗಿ. "ಇದನ್ನು ನೀವೇ ಕೊಡಿಸಿದ್ದು. ಯಾರಿಗೋಸ್ಕರ ಕೊಡಿಸಿದ್ದು ನೆನಪಿದೆಯಾ?"

ನೆನಪಿತ್ತು. ಈ ತಿಂಗಳ ಅಂಕಣ ಆ ಅಂಗಿಯ ಕಥೆ.

2015ರ ಅಕ್ಟೋಬರ್ 28, ಬುಧವಾರ. ಅರ್ಧ ದಿನ ರಜೆ ಹಾಕಿ, ಹದಿನೈದರ ಹುಡುಗನನ್ನು ಕರೆದುಕೊಂಡು ಡೊಂಬಿವಲಿಯಿಂದ ಥಾಣೆ, ಥಾಣೆಯಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿ. ಐರೋಲಿ, ರಬಾಲೆ, ಘನ್ಸೋಲಿ, ಕೋಪರ್‌ಖೈರಣೆ, ತುರ್ಭೆ, ಜುಯಿನಗರ, ನೆರೂಲ್. ಈ ಸ್ಟೇಷನ್ನುಗಳ ಹೆಸರು ಓದುಗರಲ್ಲಿ ಅರ್ಧ ಜನರಿಗೆ ಬಾಯಿಪಾಠವಿದ್ದೀತು. ನೆರೂಲಿನಲ್ಲಿ ಇಳಿದರೆ ಡಿ.ವೈ. ಪಾಟೀಲ್ ಕ್ರೀಡಾಂಗಣದ ದೀಪಗಳು ದೂರದಿಂದಲೇ ಕಾಣುತ್ತವೆ. ಹೊರಗೆ ವಡಾಪಾವ್, ಒಳಗೆ ಫುಟ್‌ಬಾಲ್. ಕ್ರಿಕೆಟ್‌ಗೆಂದು ಕಟ್ಟಿದ ಆ ಕ್ರೀಡಾಂಗಣ ಆಗ ಇಂಡಿಯನ್ ಸೂಪರ್ ಲೀಗಿನಲ್ಲಿ ಮುಂಬಯಿ ಸಿಟಿ ತಂಡದ ಮನೆಯಾಗಿತ್ತು. ಎದುರಾಳಿ ಈಶಾನ್ಯದ ನಾರ್ತ್ ಈಸ್ಟ್ ಯುನೈಟೆಡ್.

ಆ ರಾತ್ರಿ ಮುಂಬಯಿ 5-1ರಿಂದ ಗೆದ್ದಿತು. ಐದರಲ್ಲಿ ಮೂರು ಗೋಲು ಸುನಿಲ್ ಚೆಟ್ರಿಯದು. ಆ ಲೀಗಿನಲ್ಲಿ ಭಾರತೀಯನೊಬ್ಬ ಬಾರಿಸಿದ ಮೊದಲ ಹ್ಯಾಟ್ರಿಕ್ ಅದು. ಅದಕ್ಕೆ ಒಂದು ವರ್ಷ ಮೊದಲು ಇದೇ ನೆಲದಲ್ಲಿ ಬ್ರೆಜಿಲಿನ ಆಂದ್ರೆ ಮೊರಿಟ್ಜ್ ಲೀಗಿನ ಮೊಟ್ಟಮೊದಲ ಹ್ಯಾಟ್ರಿಕ್ ಹೊಡೆದಿದ್ದ. ಈಗ ನಮ್ಮವನ ಸರದಿ. ನನಗೆ ಫುಟ್‌ಬಾಲಿನ ಒಳಸುಳಿಗಳು ಹೆಚ್ಚು ಗೊತ್ತಿಲ್ಲ. ಆದರೆ ಆಳೆತ್ತರದ ರಕ್ಷಕರ ನಡುವೆ ಅಷ್ಟೇನೂ ಎತ್ತರವಿಲ್ಲದ ಈ ಮನುಷ್ಯ ಚೆಂಡು ಬೀಳುವ ಜಾಗಕ್ಕೆ ಚೆಂಡಿಗಿಂತ ಮೊದಲೇ ಹೋಗಿ ನಿಂತಿರುತ್ತಿದ್ದುದನ್ನು ಕಂಡು ಬೆರಗಾದೆ. ಬಾಗಿಲು ತೆರೆಯುವ ಜಾಗ ಲೆಕ್ಕ ಹಾಕಿ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ಡೊಂಬಿವಲಿಯ ಪ್ರಯಾಣಿಕನ ಹಾಗೆ.

ಮರಳುವ ದಾರಿಯಲ್ಲಿ ಮಗ ಕೇಳಿದ: "ಅಪ್ಪ, ಇವರು ನಮ್ಮವರಾ, ಬೆಂಗಳೂರಿನವರಾ?"

ಪ್ರಶ್ನೆಗೆ ಕಾರಣವಿತ್ತು. ಆಗ ಚೆಟ್ರಿ ಬೆಂಗಳೂರು ಎಫ್‌ಸಿಯ ನಾಯಕ. ಆದರೆ ಬೆಂಗಳೂರು ಆಡುತ್ತಿದ್ದುದು ಐ-ಲೀಗಿನಲ್ಲಿ. ಸೂಪರ್ ಲೀಗ್ ಬೇರೆಯೇ ಟೂರ್ನಿ, ವರ್ಷಕ್ಕೆ ಕೆಲವೇ ತಿಂಗಳು. ಐ-ಲೀಗಿನ ಆಟಗಾರರು ಆ ತಿಂಗಳುಗಳ ಮಟ್ಟಿಗೆ ಸೂಪರ್ ಲೀಗಿನ ತಂಡಗಳಿಗೆ ಆಡಿ ಮರಳುತ್ತಿದ್ದರು. 2015ರ ಜುಲೈಯಲ್ಲಿ ನಡೆದ ಹರಾಜಿನಲ್ಲಿ ಮುಂಬಯಿ ಸಿಟಿ ಚೆಟ್ರಿಯನ್ನು 1.20 ಕೋಟಿ ರೂಪಾಯಿಗೆ ಕೊಂಡಿತ್ತು. ಆ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಅವನದೇ. ಹೀಗೆ ಒಂದೇ ವರ್ಷದಲ್ಲಿ ಅರ್ಧ ಬೆಂಗಳೂರಿಗ, ಅರ್ಧ ಮುಂಬಯಿಕರ. ಮಗನಿಗೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಮುಂದಿನ ಭಾನುವಾರ ಅಂಗಿ ಕೊಡಿಸಿದ್ದು ಮಾತ್ರ ನೆನಪಿದೆ.

ಮೊನ್ನೆಯ ಜಗಳದ ಮರುದಿನ ಆ ಅಂಗಿಯನ್ನು ಮಡಚಿ ಒಳಗಿಡುವಾಗ ಈ ಚೆಟ್ರಿ ಒಟ್ಟು ಎಷ್ಟು ತಂಡಗಳ ಅಂಗಿ ತೊಟ್ಟಿದ್ದಾನೆ ಎಂದು ಎಣಿಸಲು ಕೂತೆ.

ಹುಟ್ಟಿದ್ದು 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ. ತಂದೆ ಸೇನೆಯಲ್ಲಿ. ಮನೆಮಾತು ನೇಪಾಳಿ. ಸೈನಿಕರ ಮಕ್ಕಳಿಗೆ ಊರೆಂದರೆ ಅಪ್ಪನ ಮುಂದಿನ ವರ್ಗಾವಣೆ ಪತ್ರದಲ್ಲಿ ಬರೆದಿರುವುದು. ದೆಹಲಿಯಲ್ಲಿ ಆಡುತ್ತಿದ್ದ ಹುಡುಗನನ್ನು 2002ರಲ್ಲಿ ಕೊಲ್ಕತ್ತಾದ ಮೋಹನ್ ಬಾಗಾನ್ ಕರೆಯಿತು. ಅಲ್ಲಿಂದ 2005ರಲ್ಲಿ ಪಂಜಾಬಿನ ಜೆಸಿಟಿ. 2008ರಲ್ಲಿ ಮತ್ತೆ ಕೊಲ್ಕತ್ತಾ, ಆದರೆ ಈ ಸಲ ಎದುರು ಪಾಳಯದ ಈಸ್ಟ್ ಬೆಂಗಾಲ್. 2009ರಲ್ಲಿ ಗೋವಾದ ಡೆಂಪೊ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಝರ್ಡ್ಸ್. ಮರಳಿ ಬಂದು ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ 'ಬಿ' ತಂಡ. 2013ರ ಆರಂಭದಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್. ಅದೇ ವರ್ಷ ಬೆಂಗಳೂರು ಎಫ್‌ಸಿ. ಆಮೇಲೆ ಎರಡು ಹಂಗಾಮು ನಮ್ಮ ಮುಂಬಯಿ ಸಿಟಿ. ಎಣಿಸಿದರೆ ಹತ್ತು ಅಂಗಿ!

ಹೊರದೇಶದ ಪಯಣಗಳು ಅವನಿಗೆ ಕೈಹಿಡಿಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡ ಮೂರು ವರ್ಷದ ಕರಾರಿಗೆ ಒಪ್ಪಿತ್ತು. ಆದರೆ ಬ್ರಿಟನ್ನಿನಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಕಾರಣ ಅವನ ಆಟವಲ್ಲ. ಫಿಫಾ ಶ್ರೇಯಾಂಕದಲ್ಲಿ ಅವನ ದೇಶ ಮೊದಲ ಎಪ್ಪತ್ತರೊಳಗೆ ಇರಲಿಲ್ಲ. ಕಾನ್ಸಾಸ್ ಸಿಟಿಯಲ್ಲಿ ಲೀಗಿನ ಒಂದು ಪಂದ್ಯದಲ್ಲೂ ಅವನನ್ನು ಇಳಿಸಲಿಲ್ಲ. ಪೋರ್ಚುಗಲ್ಲಿನ ಬಿ ತಂಡದಲ್ಲಿ ಸಿಕ್ಕಿದ್ದು ಮೂರು ಪಂದ್ಯ. ಪ್ರತಿ ಸಲವೂ ಪೆಟ್ಟಿಗೆ ಕಟ್ಟಿಕೊಂಡು ಮರಳಿದ. ಹಾಗೆ ಮರಳಿದವನನ್ನು ಕಂಡರೆ ನಮ್ಮೂರುಗಳಲ್ಲಿ ಏನೆನ್ನುತ್ತಾರೆ? ಗಲ್ಫಿನಿಂದ ಆರೇ ತಿಂಗಳಿಗೆ ಮರಳಿದ ಹುಡುಗನನ್ನು ನಮ್ಮ ಕುಂದಾಪುರದ ಕಡೆ ಯಾರೂ ನೇರವಾಗಿ ಕೇಳುವುದಿಲ್ಲ. ಆದರೆ ಮದುವೆ ಮನೆಯಲ್ಲಿ ಅವನು ಪಂಕ್ತಿಯ ಕೊನೆಯಲ್ಲಿ ಕೂರುತ್ತಾನೆ. ಚೆಟ್ರಿ ಪಂಕ್ತಿಯ ಕೊನೆಗೆ ಹೋಗಲಿಲ್ಲ. ಪೋರ್ಚುಗಲ್ಲಿನಿಂದ ಬಂದ ಹಂಗಾಮಿನಲ್ಲೇ ಚರ್ಚಿಲ್ ಬ್ರದರ್ಸ್ ಜೊತೆ ಐ-ಲೀಗ್ ಗೆದ್ದ.

ಇದನ್ನೆಲ್ಲ ನನ್ನ ಹಳೆಯ ಲೋಕಲ್ ಸಂಗಾತಿಯೊಬ್ಬರಿಗೆ ಫೋನಿನಲ್ಲಿ ಹೇಳಿದೆ. ಕಲ್ಯಾಣಿನ ಮಲಯಾಳಿ, ಕಾಸರಗೋಡಿನಲ್ಲಿ ಓದಿದ್ದರಿಂದ ಚೆನ್ನಾಗಿ ಕನ್ನಡ ಬಲ್ಲವರು. ನಾನು ರಾಜಕೀಯ ಓದುತ್ತಿದ್ದರೆ ಅವರು ಪತ್ರಿಕೆಯನ್ನು ಹಿಂದಿನಿಂದ, ಕ್ರೀಡಾ ಪುಟದಿಂದ ಓದುತ್ತಿದ್ದವರು. ಅವರು ನಕ್ಕು, "ಹತ್ತು ಎಂತ ದೊಡ್ಡದು? ಸ್ಟ್ರೈಕರ್ ಅಂದ್ರೆ ನಮ್ಮ ಹೋಟೆಲಿನ ದೋಸೆ ಭಟ್ಟರ ಹಾಗೆ. ಕೈ ಚೆನ್ನಾಗಿದ್ದರೆ ನಾಲ್ಕು ಹೋಟೆಲಿನವರು ಕರೆಯುತ್ತಾರೆ. ದೋಸೆ ಎರಡು ದಿನ ಸೀದರೆ ಮನೆಗೆ" ಎಂದರು. ಆಮೇಲೆ ಸರ್ಬಿಯಾದ ಮಟೇಯಾ ಕೆಝ್ಮನ್ ಕಥೆ ಹೇಳಿದರು.

ಕೆಝ್ಮನ್ ಬೆಲ್‌ಗ್ರೇಡಿನ ಝೆಮುನ್ ಭಾಗದವನು, 1979ರಲ್ಲಿ ಹುಟ್ಟಿದವನು. ಊರಿನ ಪಾರ್ಟಿಝಾನ್ ತಂಡದಿಂದ 2000ದಲ್ಲಿ ಹಾಲೆಂಡಿನ ಪಿಎಸ್‌ವಿಗೆ ಹೋದ. ಅಲ್ಲಿ ನಾಲ್ಕು ವರ್ಷದಲ್ಲಿ ಲೀಗಿನಲ್ಲೇ ನೂರಕ್ಕೂ ಹೆಚ್ಚು ಗೋಲು. ಅದನ್ನು ನೋಡಿ 2004ರಲ್ಲಿ ಲಂಡನ್ನಿನ ಚೆಲ್ಸಿ ಕೊಂಡುಕೊಂಡಿತು. ಹಾಲೆಂಡಿನಲ್ಲಿ ನೂರು ಹೊಡೆದವನು ಇಂಗ್ಲೆಂಡಿನ ಲೀಗಿನಲ್ಲಿ ಹೊಡೆದದ್ದು ನಾಲ್ಕು. ಒಂದೇ ವರ್ಷಕ್ಕೆ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್, ಅಲ್ಲಿಂದ ಟರ್ಕಿಯ ಫೆನೆರ್‌ಬಾಚೆ, ಫ್ರಾನ್ಸಿನ ಪ್ಯಾರಿಸ್, ರಷ್ಯಾದ ಝೆನಿತ್, ಹಾಂಗ್‌ಕಾಂಗಿನ ಸೌತ್ ಚೀನಾ, ಬೆಲಾರುಸಿನ ಬಾಟೆ. ಕಾಲು ಅದೇ, ಮನುಷ್ಯ ಅವನೇ. ನೀರು ಮಾತ್ರ ಬೇರೆ.

"ಇನ್ನೊಂದು ಕೇಳಿ" ಎಂದರು ನನ್ನ ಸಂಗಾತಿ. "ಅವನು ತಂಡ ಬದಲಾಯಿಸಿದ್ದು ಬಿಡಿ, ಅವನ ದೇಶವೇ ಅವನ ಕಾಲಡಿಯಲ್ಲಿ ಬದಲಾಯಿತಲ್ಲ!"

ನಿಜ. ಅವನು ಮೊದಲು ಆಡಿದ್ದು ಯುಗೋಸ್ಲಾವಿಯಾ ಎಂಬ ಹೆಸರಿಗೆ. 2003ರಲ್ಲಿ ಅದು ಸರ್ಬಿಯಾ ಮತ್ತು ಮಾಂಟೆನೆಗ್ರೊ ಆಯಿತು. 2006ರ ಮೇ 21ರಂದು ಮಾಂಟೆನೆಗ್ರೊದ ಜನ ಬೇರೆಯಾಗಲು ಮತ ಹಾಕಿದರು. ಜೂನ್ 3ರಂದು ಅದು ಸ್ವತಂತ್ರವಾಯಿತು. ಅದಾಗಿ ಎಂಟು ದಿನಕ್ಕೆ, ಜೂನ್ 11ರಂದು, ಜರ್ಮನಿಯ ವಿಶ್ವಕಪ್ಪಿನಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ ತಂಡ ಹಾಲೆಂಡಿನ ಎದುರು ಮೈದಾನಕ್ಕಿಳಿಯಿತು. ಭೂಪಟದಲ್ಲಿ ಇಲ್ಲದ ದೇಶದ ಅಂಗಿ ತೊಟ್ಟು ಆ ಹುಡುಗರು ಆಡಿದರು. ಕೆಝ್ಮನ್ ಅವರಲ್ಲೊಬ್ಬ. ಮುಂದಿನ ಪಂದ್ಯದಲ್ಲಿ ಅರ್ಜೆಂಟೀನಾ ಎದುರು 6-0ರಿಂದ ಸೋತಾಗ ಅವನಿಗೆ ಕೆಂಪು ಚೀಟಿ ಬೇರೆ.

ಓದುಗರೇ, ಇದನ್ನು ಕೇಳಿದಾಗ ನನಗೆ ನಗು ಬರಲಿಲ್ಲ. ನಾನು ಹುಟ್ಟಿದಾಗ ನಮ್ಮ ರಾಜ್ಯಕ್ಕೆ ಮೈಸೂರು ಎಂದು ಹೆಸರು. ಕುಂದಾಪುರ ಆಗ ದಕ್ಷಿಣ ಕನ್ನಡ ಜಿಲ್ಲೆ, ಈಗ ಉಡುಪಿ ಜಿಲ್ಲೆ. ನಾನು ಬಂದಿಳಿದದ್ದು ಬೊಂಬಾಯಿಗೆ, ನಿವೃತ್ತನಾದದ್ದು ಮುಂಬಯಿಯಲ್ಲಿ. ನಾನು ಒಂದೇ ಕಡೆ ನಿಂತಿದ್ದೇನೆ ಎಂದುಕೊಂಡಿದ್ದರೂ ನಾಮಫಲಕಗಳು ನನ್ನನ್ನು ಕೇಳದೆ ಬದಲಾಗುತ್ತಲೇ ಇದ್ದವು.

ಬೆಂಗಳೂರಿನ ಫುಟ್‌ಬಾಲಿಗರಿಗೂ ಊರು ಬಿಡುವುದು ಹೊಸತಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸಿನ ಎದುರು 2-1ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೊಲ್ಕತ್ತಾಕ್ಕೆ ಹೋಗಿ ಈಸ್ಟ್ ಬೆಂಗಾಲಿನ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಬಂಗಾಳದ ಜನ ಆ ಐವರನ್ನು ಪಂಚ ಪಾಂಡವರು ಎಂದು ಕರೆದರು. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್ ಈಸ್ಟ್ ಬೆಂಗಾಲ್, ಜೆಸಿಟಿ, ಎಫ್‌ಸಿ ಕೊಚ್ಚಿನ್ ಎಂದು ಸುತ್ತಿ ಭಾರತ ತಂಡದ ನಾಯಕನಾದರು. ಊರಿನಲ್ಲಿ ಗೌರವವಿತ್ತು, ದುಡಿಮೆ ಹೊರಗಿತ್ತು. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ನಾಡು ಅದನ್ನು ಮತ್ತೆ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿ ಎತ್ತಿದ್ದಾದರೂ ಎಲ್ಲಿ? ಸೌದಿ ಅರೇಬಿಯಾದ ರಿಯಾದಿನಲ್ಲಿ!

ಬೆಂಗಳೂರಿನ ಕಾಲುಗಳು ಕೊಲ್ಕತ್ತಾಕ್ಕೆ ಹೋದ ಆ ದಾರಿಯಲ್ಲಿ ಚೆಟ್ರಿ ಎದುರು ದಿಕ್ಕಿನಿಂದ ಬಂದ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದಕ್ಕೆ ಇತಿಹಾಸವಿರಲಿಲ್ಲ, ಹಳೆಯ ಅಭಿಮಾನಿಗಳಿರಲಿಲ್ಲ. ಇಪ್ಪತ್ತೊಂಬತ್ತರ ಚೆಟ್ರಿಗೂ ಪೋರ್ಚುಗಲ್ಲಿನಿಂದ ಮರಳಿದ ದಣಿವಿದ್ದೀತು. ಮೊದಲ ವರ್ಷವೇ ತಂಡ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಗಿ, ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 1-0ರಿಂದ ಸೋತಿತು. 2017ರಲ್ಲಿ ಬೆಂಗಳೂರು ಸೂಪರ್ ಲೀಗಿಗೆ ಸೇರಿದ ಮೇಲೆ ಚೆಟ್ರಿಗೆ ಎರಡು ಮನೆ ನಡೆಸುವ ಪಾಡು ತಪ್ಪಿತು. 2018ರ ಮಾರ್ಚ್ 17ರಂದು ಕಂಠೀರವದಲ್ಲಿ, ತವರಿನಲ್ಲೇ, ಚೆನ್ನೈಯಿನ್ ಎದುರು 3-2ರಿಂದ ಫೈನಲ್ ಸೋತರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ನಮ್ಮ ಅಂಧೇರಿಯ ಮೈದಾನದಲ್ಲಿ ಗೋವಾವನ್ನು ಸೋಲಿಸಿ ಗೆದ್ದರು. ಹೆಚ್ಚುವರಿ ಸಮಯದ 117ನೆಯ ನಿಮಿಷದಲ್ಲಿ ಬೆಂಗಳೂರಿಗೆ ಆ ಗೋಲು ಹೊಡೆದದ್ದು ಯಾರು? ಮುಂಬಯಿಯ ಹುಡುಗ ರಾಹುಲ್ ಭೇಕೆ. ಕೊಡುಕೊಳ್ಳುವಿಕೆ ಎಂದರೆ ಇದೇ ಅಲ್ಲವೇ?

ಅಂಧೇರಿ ಎಂದಾಗ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 2018ರ ಜೂನ್ 1ರಂದು ಅಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿತು. ಚೆಟ್ರಿಯದು ಹ್ಯಾಟ್ರಿಕ್. ನೋಡಲು ಬಂದವರು 2,569 ಮಂದಿ. ಎರಡು ಕೋಟಿ ಜನರ ಮಹಾನಗರದಲ್ಲಿ! ಮರುದಿನ ಚೆಟ್ರಿ ಒಂದು ವಿಡಿಯೊ ಮಾಡಿ ಹಾಕಿದ. ಬೈಯಿರಿ, ಟೀಕಿಸಿ, ಆದರೆ ಬಂದು ನೋಡಿ ಎಂದು ಕೈಮುಗಿದು ಕೇಳಿಕೊಂಡ. ಭಾರತ ತಂಡದ ನಾಯಕ ಬೇಡಿಕೊಳ್ಳುತ್ತಿದ್ದ. ನೋಡುತ್ತ ನನಗೆ ನಮ್ಮ ಸಂಘಗಳ ಕಾರ್ಯದರ್ಶಿಗಳ ಮುಖ ನೆನಪಾಯಿತು. ಡೊಂಬಿವಲಿಯಲ್ಲಾಗಲಿ ವಾಶಿಯಲ್ಲಾಗಲಿ, ಊರಿನಿಂದ ಯಕ್ಷಗಾನ ಮೇಳ ಕರೆಸಿ, ಸಭಾಂಗಣದ ಬಾಡಿಗೆ ಕಟ್ಟಿ, ಕೊನೆಗೆ ಖಾಲಿ ಕುರ್ಚಿಗಳನ್ನು ನೋಡುತ್ತ ಬಾಗಿಲಲ್ಲಿ ನಿಲ್ಲುವ ಆ ಮುಖಗಳು ನಿಮಗೂ ಪರಿಚಿತವೇ. ನಾವೆಲ್ಲ ಅಭಿಮಾನಿಗಳೇ. ಬರುವುದಿಲ್ಲ, ಅಷ್ಟೇ.

ಆ ವಿಡಿಯೊ ನೋಡಿದ ಮೇಲೆ ನಾನೂ ಮಗನೂ ಜೂನ್ 4ರ ಪಂದ್ಯಕ್ಕೆ ಹೋದೆವು. ಘಾಟ್‌ಕೋಪರಿನಲ್ಲಿ ಮೆಟ್ರೊ ಹಿಡಿದು ಆಜಾದ್ ನಗರದಲ್ಲಿ ಇಳಿದಾಗ ಮಳೆ. ಟಿಕೆಟ್ಟುಗಳೆಲ್ಲ ಮಾರಾಟವಾಗಿದ್ದವು. ಅದು ಚೆಟ್ರಿಯ ನೂರನೆಯ ಅಂತಾರಾಷ್ಟ್ರೀಯ ಪಂದ್ಯ. ಕೆನ್ಯಾ ಎದುರು 3-0. ಎರಡು ಗೋಲು ಅವನದೇ. ಒದ್ದೆಯಾದ ಸಾವಿರಾರು ಜನ ಕೊಡೆ ಮಡಚಿ ಕೂಗುತ್ತಿದ್ದರು. ಅವರ ನಡುವೆ ನಾನು, ಐವತ್ತು ದಾಟಿದ ಕುಂದಾಪುರದವನು, ಸಿಕಂದರಾಬಾದಿನಲ್ಲಿ ಹುಟ್ಟಿ ನೇಪಾಳಿ ಮಾತಾಡುವ ಬೆಂಗಳೂರಿನ ಆಟಗಾರನಿಗಾಗಿ ಮರಾಠಿಯಲ್ಲಿ ಕೂಗುತ್ತಿದ್ದೆ.

2023ರ ಮಾರ್ಚ್ 7ರಂದು ಅದೇ ಅಂಧೇರಿಯಲ್ಲಿ ನನ್ನ ಹಳೆಯ ಪ್ರಶ್ನೆ ತಿರುಗಿ ಬಂತು. ಸೂಪರ್ ಲೀಗಿನ ಸೆಮಿಫೈನಲಿನಲ್ಲಿ ಮುಂಬಯಿ ಮತ್ತು ಬೆಂಗಳೂರು ಮುಖಾಮುಖಿ. ನಾವು ಮನೆಯಲ್ಲೇ ಟಿವಿ ಮುಂದೆ ಕೂತಿದ್ದೆವು. ಮಗ ಮುಂಬಯಿಯ ಕಡೆ, ನಾನು ಬೆಂಗಳೂರಿನ ಕಡೆ, ನನ್ನಾಕೆ ಬೇಗ ಮುಗಿಯಲಿ ಎನ್ನುವ ಕಡೆ. ಬದಲಿ ಆಟಗಾರನಾಗಿ ಇಳಿದ ಚೆಟ್ರಿ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಗೆದ್ದಿತು. ಮಗ ಒಂದು ಕ್ಷಣ ತಲೆ ತಗ್ಗಿಸಿ ಕೂತ. ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದ.

"ಯಾರ ಕಡೆ ಮಾರಾಯ ನೀನು?" ಎಂದು ಕೇಳಿದೆ.

"ನೀವು ಕುಂದಾಪುರದ ಕಡೆಯಾ, ಡೊಂಬಿವಲಿ ಕಡೆಯಾ ಅಂತ ನಾನು ಯಾವತ್ತಾದರೂ ಕೇಳಿದ್ದೇನಾ ಅಪ್ಪ?" ಎಂದ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನಾಕೆಗೆ ಗೊತ್ತು, ಮಗನಿಗೆ ಈವರೆಗೆ ಹೇಳಿರಲಿಲ್ಲ. 1998ರಲ್ಲಿ ನನಗೂ ಬೆಂಗಳೂರಿಗೆ ಹೋಗುವ ಅವಕಾಶ ಬಂದಿತ್ತು. ಬಡ್ತಿಯ ಜೊತೆ ವರ್ಗಾವಣೆ. ಒಂದು ವಾರ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಬೇಡವೆಂದು ಬರೆದುಕೊಟ್ಟೆ. ತಾಯಿಗೆ ಇಲ್ಲಿಯ ಡಾಕ್ಟರ್ ಅಭ್ಯಾಸವಾಗಿದ್ದಾರೆ, ಮನೆಯ ಸಾಲದ ಕಂತು ಇದೆ ಎಂದೆಲ್ಲ ಕಾರಣ ಕೊಟ್ಟೆ. ಎಲ್ಲವೂ ನಿಜವೇ. ಆದರೆ ಅಸಲು ಕಾರಣ ಭಯ. ಮುಂಬಯಿಯಲ್ಲಿ ನಾನು ಕನ್ನಡಿಗ. ಬೆಂಗಳೂರಿಗೆ ಹೋದರೆ ಏನು? ಹದಿನೇಳಕ್ಕೆ ಊರು ಬಿಟ್ಟು, ಹಗಲು ಹೋಟೆಲಿನಲ್ಲಿ ದುಡಿದು, ಕೋಟೆಯ ರಾತ್ರಿಶಾಲೆಯಲ್ಲಿ ಓದಿದವನು ನಾನು. ನನ್ನ ಕನ್ನಡದಲ್ಲಿ ಮರಾಠಿ ಸೇರಿಕೊಂಡಿತ್ತು. ಸ್ವಂತ ನಾಡಿನಲ್ಲಿ ಪರದೇಶಿಯಾಗುವುದಕ್ಕಿಂತ ಪರನಾಡಿನಲ್ಲಿ ಸ್ವದೇಶಿಯಾಗಿ ಇರುವುದೇ ಕ್ಷೇಮ ಎನಿಸಿತು. ಆಮೇಲೆ ಇಪ್ಪತ್ತಾರು ವರ್ಷ ಅದನ್ನೇ 'ನಿಷ್ಠೆ' ಎಂದು ಕರೆಯುತ್ತ ಬಂದೆ. ಅಂದು ರಾತ್ರಿ ಮಗನಿಗೆ ಬೋಧಿಸಿದ್ದು ಅದೇ ನಿಷ್ಠೆಯನ್ನು.

ಹಾಗೆಂದು ಊರೂರು ಅಲೆಯುವುದೇ ದೊಡ್ಡ ಗುಣ ಎಂದು ನಾನು ಹೇಳುತ್ತಿಲ್ಲ. ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಸುತ್ತುವುದಕ್ಕೆ ತಗಲುವ ಖರ್ಚನ್ನು ಗಾದೆಯಲ್ಲಿ ಸೇರಿಸಲಿಲ್ಲ. ಮಗನ ಎರಡನೆಯ ಕೆಲಸ ಅವನು ಬಿಟ್ಟದ್ದಲ್ಲ. ಆ ವಿಭಾಗವನ್ನೇ ಮುಚ್ಚಿದರು. ಮೂರು ತಿಂಗಳು ಅವನು ರಾತ್ರಿ ನಿದ್ದೆ ಮಾಡಿರಲಿಲ್ಲ. ಅದು ನನಗೆ ಗೊತ್ತಿತ್ತು, ಆದರೂ ಲೆಕ್ಕಕ್ಕೆ ಅದನ್ನೂ 'ಬಿಟ್ಟದ್ದು' ಎಂದೇ ಸೇರಿಸಿದ್ದೆ. ಹೊರಟವರೆಲ್ಲ ಚೆಟ್ರಿಯಾಗುವುದಿಲ್ಲ ಎಂಬುದೂ ಸತ್ಯ. ಆದರೆ ಅವನ ಲೆಕ್ಕ ನೋಡಿ. ನೆಲೆ ಸಿಕ್ಕಿದ್ದು ಒಂಬತ್ತನೆಯ ತಂಡದಲ್ಲಿ. ಅದಕ್ಕೆ ಮೊದಲು ಹನ್ನೊಂದು ವರ್ಷ ಅವನು ಎಲ್ಲೂ ನಿಂತವನಲ್ಲ. ಯಾವ ಊರಿಗೆ ಹೋದರೂ ಜೊತೆಯಲ್ಲಿ ಒಯ್ದದ್ದು ಬೆಳಗಿನ ಅಭ್ಯಾಸ ಮತ್ತು ಗೋಲು ಹೊಡೆಯುವ ಕಸುಬು. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಆಡಿದ ಮೊದಲ ಪಂದ್ಯದಲ್ಲೇ ಗೋಲು. 2024ರ ಜೂನ್ 6ರಂದು ಕೊಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದಾಗ 151 ಪಂದ್ಯ, 94 ಗೋಲು. ಅಂಗಿ ಹತ್ತು ಸಲ ಬದಲಾಯಿತು. ದೇಶದ ಅಂಗಿ ಹತ್ತೊಂಬತ್ತು ವರ್ಷ ಒಂದೇ ಇತ್ತು.

ಅವನು ವಿದಾಯ ಹೇಳಿದ ವರ್ಷವೇ ನಾನೂ ನಿವೃತ್ತನಾದೆ. ನನಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ಸಿಕ್ಕಿತು. ಅವನಿಗೆ ಒಂಬತ್ತು ತಿಂಗಳಿಗೇ ಮರಳಿ ಕರೆ ಬಂತು. 2025ರ ಮಾರ್ಚಿನಲ್ಲಿ ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಎದುರು ಆಡಿ ಮತ್ತೊಂದು ಗೋಲು ಹೊಡೆದ. ಆ ಹಂಗಾಮಿನಲ್ಲಿ ಬೆಂಗಳೂರಿಗೆ ಹೊಡೆದದ್ದು 14. ವಯಸ್ಸು ನಲವತ್ತು. ಪೇಪರಿನಲ್ಲಿ ಓದಿ ಹೇಳಿದರೆ ನನ್ನಾಕೆ, "ನೋಡಿ, ನೀವೂ ಆಫೀಸಿಗೆ ವಾಪಸ್ ಹೋಗಿ. ಮಧ್ಯಾಹ್ನ ಎರಡು ಸಲ ಚಾ ಮಾಡುವುದಾದರೂ ತಪ್ಪುತ್ತದೆ" ಎಂದಳು.

ಮಗ ಹೊರಟದ್ದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ. ಬೆಳಿಗ್ಗೆ ಕಲ್ಯಾಣಿನಲ್ಲಿ ಹತ್ತಿಸಲು ನಾವಿಬ್ಬರೂ ಹೋದೆವು. ಗಾಡಿ ಬರುವ ಮೊದಲು, ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ, 1998ರ ಪತ್ರದ ವಿಷಯ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಆಗ ಹೋಗಿದ್ದರೆ ನಾನು ಬೆಂಗಳೂರಿನಲ್ಲೇ ಹುಟ್ಟುತ್ತಿದ್ದೆ. ಈಗ ಕೆಲಸ ಹುಡುಕಿಕೊಂಡು ಡೊಂಬಿವಲಿಗೆ ಬರುತ್ತಿದ್ದೆನೋ ಏನೋ" ಎಂದ. ಅಮ್ಮ ಕಟ್ಟಿಕೊಟ್ಟ ಚಪಾತಿ, ಉಪ್ಪಿನಕಾಯಿ, ಕೋಕಂ ಎಲ್ಲವನ್ನೂ ಚೀಲಕ್ಕೆ ತುರುಕಿದ. ನೀಲಿ ಅಂಗಿಯನ್ನು ಒಯ್ಯಲಿಲ್ಲ. "ಅದು ಇಲ್ಲೇ ಇರಲಿ. ಕಂಠೀರವದಲ್ಲಿ ಅದನ್ನು ಹಾಕಿಕೊಂಡರೆ ಹೊಡೆತ ತಿನ್ನಬೇಕಾದೀತು" ಎಂದು ನಕ್ಕ.

ಗಾಡಿ ಹೋದ ಮೇಲೆ ನನ್ನಾಕೆ ಲೋಕಲ್ಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಳು. ಠಾಕುರ್ಲಿ ದಾಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ನಾನು ಊರು ಬಿಟ್ಟ ದಿನ ನನ್ನ ಅಪ್ಪಯ್ಯ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಹೇಗೆ ನಿಂತಿದ್ದರು ಎಂದು ನಲವತ್ತನಾಲ್ಕು ವರ್ಷದ ಮೇಲೆ ಮೊದಲ ಸಲ ಯೋಚಿಸಿದೆ. ಅವರು ನನಗೆ ನಿಷ್ಠೆಯ ಬಗ್ಗೆ ಏನೂ ಹೇಳಿರಲಿಲ್ಲ. ಹೋದ ಕೂಡಲೇ ಕಾಗದ ಬರೆ ಎಂದಷ್ಟೇ ಹೇಳಿದ್ದರು.

ಮಗ ಹತ್ತನೆಯ ದಿನ ಫೋನ್ ಮಾಡಿದ. ಕೆಲಸ ಚೆನ್ನಾಗಿದೆಯಂತೆ. ಪಿಜಿಯ ಊಟಕ್ಕೆ ಉಪ್ಪಿಲ್ಲವಂತೆ. "ಇನ್ನೊಂದು ಗೊತ್ತಾ ಅಪ್ಪ? ಇಲ್ಲಿ ಆಟೋದವರಿಂದ ಹಿಡಿದು ಎಲ್ಲರೂ ಕೇಳುತ್ತಾರೆ, ಮುಂಬೈಯವರಾ ಸರ್, ಕನ್ನಡ ಎಲ್ಲಿ ಕಲಿತಿರಿ ಅಂತ!"

"ನೀನೇನು ಹೇಳಿದೆ?"

"ಡೊಂಬಿವಲಿಯಲ್ಲಿ ಅಂದೆ. ಯಾರೂ ನಂಬಲಿಲ್ಲ."

ಮುಂದಿನ ಹಂಗಾಮಿನಲ್ಲಿ ಬೆಂಗಳೂರಿಗೆ ಬಂದು ಕಂಠೀರವದಲ್ಲಿ ಒಂದು ಪಂದ್ಯ ನೋಡಬೇಕೆಂದು ಕರೆದಿದ್ದಾನೆ. ಹೋಗಬೇಕೆಂದಿದ್ದೇವೆ. ಅಲ್ಲಿಯವರೆಗೆ, ಓದುಗರೇ, ನಿಮ್ಮ ಮನೆಯಲ್ಲೂ ಯಾರಾದರೂ ರಾಜೀನಾಮೆಯ ಸುದ್ದಿ ತಂದರೆ, ಪಾತ್ರೆ ತೊಳೆದು ಮುಗಿಯುವವರೆಗಾದರೂ ಬಾಯಿ ತೆರೆಯದಿರಿ. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.